ಮನೆಗಾಡಿಯ ಎಡಗಾಲು

2024ರ ಖಂಡೇನವಮಿಯ ದಿನ ಪುಣೆಯ ನಿಗಡಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ಕಾರನ್ನೂ ಅದರ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನನ್ನೂ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಟೈರುಗಳಿಗೆ ಕುಂಕುಮ ಹಚ್ಚಿದವನು ನಾನೇ. ಮೊಣಕಾಲೂರಿ ಕುಳಿತಿದ್ದೆ, ಕಣ್ಣಿಗೂ ರಬ್ಬರಿಗೂ ನಡುವೆ ಒಂದು ಗೇಣು ಅಂತರ. ಬೆರಳಿಗೆ ಟೈರು ತಾಗಿತು, ಕುಂಕುಮ ಅಂಟಿತು, ಎದ್ದು ಮುಂದಿನ ಗಾಲಿಗೆ ಹೋದೆ. ಅಷ್ಟು ಹತ್ತಿರದಿಂದಲೂ ನಾನು ಅದನ್ನು ನೋಡಿರಲಿಲ್ಲ.

ಆ ಗಾಡಿಯನ್ನು ಕೊಂಡು ಆಗ ಮೂರು ವರ್ಷವಾಗಿತ್ತು. ಪರಿಚಿತರೊಬ್ಬರು ಬಳಸಿ ಕೊಟ್ಟದ್ದು. ಒಂದೇ ಅಚ್ಚು, ಎರಡು ಗಾಲಿ, ಒಳಗೆ ಹಾಸಿಗೆ, ಪುಟ್ಟ ಅಡುಗೆಕಟ್ಟೆ, 60 ಲೀಟರಿನ ನೀರಿನ ತೊಟ್ಟಿ. ಧಾರವಾಡದಲ್ಲಿರುವ ಅವ್ವ ಮೊದಲ ಸಲ ನೋಡಿದಾಗ ‘ಮನೆಗಾಡಿ’ ಎಂದಳು. ಅದೇ ಹೆಸರು ನಿಂತಿತು. ಆ ವರ್ಷ ದೀಪಾವಳಿ ಅಕ್ಟೋಬರ್ ಕೊನೆಗೇ ಬಂದಿತ್ತು. ಧಾರವಾಡಕ್ಕೆ ಹೋಗಿ, ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು, ಕಾರವಾರದ ಕಡಲು ತೋರಿಸಿ ಬರಬೇಕೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದ್ದೆವು. ಗಾಡಿ ಹತ್ತು ತಿಂಗಳಿಂದ ನಿಂತಲ್ಲೇ ನಿಂತಿತ್ತು. ದೂರದ ದಾರಿಗೆ ಇಳಿಯುವ ಮೊದಲು ಒಮ್ಮೆ ಓಡಿಸಿ ನೋಡೋಣವೆಂದು ದಸರೆಯ ಮರುದಿನ, ಭಾನುವಾರ, ಸಾತಾರಾ ದಾರಿಯ ಶಿರವಳದವರೆಗೆ ಹೊರಟೆವು.

ಶಿರವಳದ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ ಗಾಲಿಗಳನ್ನು ಮುಟ್ಟಿ ನೋಡಿದೆ. ಬಲಗಡೆಯದು ಬೆಚ್ಚಗಿತ್ತು. ಎಡಗಡೆಯದರ ಮೇಲೆ ಅಂಗೈ ಊರಲಾಗಲಿಲ್ಲ, ಕಾದ ಹಂಚು ಮುಟ್ಟಿದವನಂತೆ ಕೈ ಎಳೆದುಕೊಂಡೆ. ನೆಲಕ್ಕೆ ಟವೆಲು ಹಾಸಿ ಗಾಡಿಯ ಕೆಳಗೆ ತಲೆ ತೂರಿಸಿ ಮೊಬೈಲಿನ ಬೆಳಕು ಬಿಟ್ಟೆ. ಹೊರಗಿನಿಂದ ಕಾಣದ ಒಳಮೈಯಲ್ಲಿ, ಅರ್ಧ ಹೋಳು ನಿಂಬೆಹಣ್ಣು ಅಂಟಿಸಿದಷ್ಟು ಉಬ್ಬು. ಅದರ ಸುತ್ತ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕು. ಅಲ್ಲೇ ಪಕ್ಕದಲ್ಲಿ ಒಂದು ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 3416.

ಟೈರು ಹುಟ್ಟಿದ ದಿನ ಅದು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2016ರ 34ನೇ ವಾರ, ಅಂದರೆ ಆಗಸ್ಟ್ ತಿಂಗಳು. ಎಂಟು ವರ್ಷ ದಾಟಿದ ಟೈರು. ಈ ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಮಗ್ಗುಲಿಗೆ ಇರುತ್ತದೆ. ಜೋಡಿಸುವಾಗ ಅದು ಒಳಗಡೆ ಬಂದರೆ, ಗಾಡಿಯ ಕೆಳಗೆ ಮಲಗಿದವನಿಗೆ ಮಾತ್ರ ಕಾಣುತ್ತದೆ. ಮೂರು ವರ್ಷ ನಾನು ಮಲಗಿರಲಿಲ್ಲ. ಟ್ರೆಡ್, ಅಂದರೆ ನೆಲಕ್ಕೆ ತಾಗುವ ಮೈಯ ಗೀರುಗಳ ಆಳ, ನೋಡಿ ನಂಬಿದ್ದೆ. ಕಾನೂನು ಕೇಳುವುದು 1.6 ಮಿಲಿಮೀಟರ್ ಆಳ, ನನ್ನ ಟೈರುಗಳಲ್ಲಿ ಇನ್ನೂ ಆರು ಮಿಲಿಮೀಟರ್ ಇತ್ತು. ಕಾರಿನ ಟೈರು ಓಡಿ ಓಡಿ ಸವೆದು ಹೋಗುತ್ತದೆ, ಎಳೆಯುವ ಗಾಡಿಯ ಟೈರು ನಿಂತು ನಿಂತು ಮುದಿಯಾಗುತ್ತದೆ. ರಬ್ಬರನ್ನು ಬಿಸಿಲು ಗಾಳಿಗಳಿಂದ ಕಾಯಲು ಅದರೊಳಗೆ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಗಾಲಿ ಉರುಳುವಾಗ ಟೈರು ಬಾಗಿ ಬಳುಕಿದರೆ ಆ ಮೇಣ ಮೇಲ್ಮೈಗೆ ಬರುತ್ತಿರುತ್ತದೆ. ನಿಂತ ಗಾಡಿಯ ಟೈರಿಗೆ ಆ ಆರೈಕೆ ಸಿಗುವುದಿಲ್ಲ. ನಮ್ಮ ಗಾಡಿಯಂತೂ ಎಡಮಗ್ಗುಲನ್ನು ಪಡುವಣಕ್ಕೆ ಒಡ್ಡಿಕೊಂಡು ಪುಣೆಯ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳನ್ನೆಲ್ಲ ಕಳೆದಿತ್ತು. ಕ್ಯಾರವಾನ್ ಬಳಕೆ ಹೆಚ್ಚಿರುವ ಬ್ರಿಟನ್ನಿನಲ್ಲಿ ಐದು ವರ್ಷಕ್ಕೆ ಟೈರು ಬದಲಿಸಿ, ಏಳು ವರ್ಷ ಮೀರಿಸಬೇಡಿ ಎನ್ನುತ್ತಾರೆ. ನಾನು ಎಂಟು ಮೀರಿಸಿದ್ದೆ.

ಸ್ಟೆಪ್ನಿ ಇಳಿಸಿದೆವು. ಗಾಡಿಯ ಹೊಟ್ಟೆಯಡಿ ನೆರಳಿನಲ್ಲೇ ಬದುಕಿದ ಟೈರು, ಒಂದು ಕಿಲೋಮೀಟರೂ ಓಡಿರಲಿಲ್ಲವೇನೋ. ಅದರ ಮೇಲೂ 3416. ಉಬ್ಬಿಲ್ಲ ಎಂಬುದಷ್ಟೇ ಸಮಾಧಾನ. ಅದನ್ನೇ ಹಾಕಿ, ತೊಟ್ಟಿಯ ನೀರೆಲ್ಲ ಚರಂಡಿಗೆ ಬಿಟ್ಟು, ನಲವತ್ತರ ಮೇಲೆ ಹೋಗದೆ ಪುಣೆಯ ಕಡೆ ತಿರುಗಿದೆವು. ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗಿನ ಇಳಿಜಾರು ಎಷ್ಟು ಜೀವ ತಿಂದಿದೆಯೆಂದು ಪುಣೆಯವರಿಗೆ ಹೇಳಬೇಕಾಗಿಲ್ಲ. ಎಳೆಯುವ ಗಾಡಿಯ ಟೈರು ಒಡೆದರೆ ಸ್ಟೇರಿಂಗ್ ಹಿಡಿದವನಿಗೆ ಕೂಡಲೇ ತಿಳಿಯುವುದಿಲ್ಲ. ಗಾಡಿ ಬಾಲ ಬೀಸತೊಡಗಿದ ಮೇಲೆ ತಿಳಿಯುತ್ತದೆ, ಇಳಿಜಾರಿನಲ್ಲಿ ಅದು ತಡವಾದ ತಿಳಿವಳಿಕೆ. ಕೆಳಗಿನ ಗೇರಿನಲ್ಲಿ ಇಳಿಯುತ್ತಿದ್ದಾಗ ಹೆಂಡತಿ ಪಕ್ಕದ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಮನೆ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ.

ಮರುದಿನ ಹೋದ ಮೊದಲ ಅಂಗಡಿಯಲ್ಲಿ ಯಜಮಾನರು ಟೈರಿನ ಅಳತೆ ಓದಿದರು. 165/80 ಆರ್ 14, ಸಣ್ಣ ಕಾರುಗಳ ಟೈರು. ‘ಅದೇ ಅಳತೆಯದು ಇದೆ, ಅರ್ಧ ಗಂಟೆಯ ಕೆಲಸ’ ಎಂದರು. ಉಬ್ಬಿದ್ದು ಎಡಗಡೆಯದೇ ಏಕೆ ಎಂದು ಕೇಳಿದೆ. ಗುಂಡಿಗೆ ಬಿದ್ದಿರಬೇಕು ಎಂದರು. ಇರಬಹುದು. ಆದರೆ ಗುಂಡಿಗೆ ಬಿದ್ದದ್ದಕ್ಕೆ ಟೈರು ಅಷ್ಟೊಂದು ಬಿಸಿಯಾಗುವುದಿಲ್ಲ. ನನಗೆ ಉತ್ತರ ಬೇಕಿತ್ತು. ಟೈರು ಕೊಳ್ಳದೆ ಭೋಸರಿಯ ಕಡೆಗೆ ಹೋದೆ.

ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗಳಿಗೆ ಬರವಿಲ್ಲ. ನೆಲಕ್ಕೆ ಸಮನಾಗಿ ಕೂತ ತಟ್ಟೆ ಇರುವಂಥದನ್ನು ಹುಡುಕಿದೆ. ಪ್ರವಾಸಕ್ಕೆ ಹೊರಡುವಾಗ ಇರುವಂತೆಯೇ ಎಲ್ಲವನ್ನೂ ತುಂಬಿಕೊಂಡಿದ್ದೆ: ತೊಟ್ಟಿಯ ತುಂಬ ನೀರು, 5 ಕಿಲೋ ಗ್ಯಾಸಿನ ಸಿಲಿಂಡರು, ಪಾತ್ರೆ, ಹಾಸಿಗೆ, ಅವ್ವನ ಮಡಚುವ ಕುರ್ಚಿ ಕೂಡ. ಕಾರಿಗೆ ಕಟ್ಟಿದಂತೆಯೇ ಇಟ್ಟು ಗಾಡಿಯ ಎರಡು ಗಾಲಿಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿದಾಗ 970 ಕಿಲೋ ಬಂತು. ಟೈರಿನ ಮೇಲೆ 85 ಎಂಬ ಭಾರದ ಸೂಚ್ಯಂಕವಿತ್ತು. 85 ಎಂದರೆ ಒಂದು ಟೈರಿಗೆ 515 ಕಿಲೋ, ಎರಡಕ್ಕೆ 1030. ಲೆಕ್ಕದಲ್ಲಿ ಇನ್ನೂ 60 ಕಿಲೋ ಉಳಿಯುತ್ತದೆ. ಅಲ್ಲಿಗೆ ಬಿಟ್ಟಿದ್ದರೆ ಅದೇ ಅಳತೆಯ ಟೈರು ಹಾಕಿಸಿಕೊಂಡು ಬರುತ್ತಿದ್ದೆ.

ತೂಕದ ಕಾಟಾದ ಹುಡುಗನನ್ನು ಕೇಳಿಕೊಂಡೆ: ಒಂದೇ ಗಾಲಿಯನ್ನು ತೂಗಿಕೊಡು. ಅವನಿಗೆ ಇದು ಹೊಸದು, ಆದರೂ ಕೈ ತೋರಿಸುತ್ತ ಹಿಂದೆ ಮುಂದೆ ಮಾಡಿಸಿ ಎಡಗಾಲಿಯನ್ನು ಮಾತ್ರ ತಟ್ಟೆಗೆ ತಂದು ನಿಲ್ಲಿಸಿದ. ಚೀಟಿಯ ಮೇಲೆ 540 ಎಂದು ಅಚ್ಚಾಗಿ ಬಂತು.

ಆ ಚೀಟಿ ಈಗಲೂ ನನ್ನ ಬಳಿ ಇದೆ. ಎಡಕ್ಕೆ 540, ಬಲಕ್ಕೆ 430. ಅಡುಗೆಕಟ್ಟೆ ಎಡಕ್ಕೆ, ನೀರಿನ ತೊಟ್ಟಿ ಎಡಕ್ಕೆ, ನಾನೇ ಆಮೇಲೆ ಕೂರಿಸಿದ ಐವತ್ತು ಕಿಲೋ ಮೀರಿದ ಇನ್ವರ್ಟರ್ ಬ್ಯಾಟರಿಯೂ ಎಡಕ್ಕೆ. ವೈರು ಹತ್ತಿರವಾಗುತ್ತದೆ ಎಂದು ಅಲ್ಲಿಟ್ಟಿದ್ದೆ. ಸಾಲದ್ದಕ್ಕೆ ಕಾರಿಗೆ ತುಂಬುವ 30 ಪಿಎಸ್‌ಐ ಗಾಳಿಯನ್ನೇ ಇದಕ್ಕೂ ತುಂಬಿಸುತ್ತಿದ್ದೆ. ಆ 515 ಕಿಲೋ ಎಂಬುದು ಟೈರಿಗೆ ತಕ್ಕ ಪೂರ್ತಿ ಗಾಳಿ ಇದ್ದಾಗಿನ ಮಾತು. ಗಾಳಿ ಕಡಿಮೆಯಾದಂತೆ ಹೊರುವ ಶಕ್ತಿಯೂ ಇಳಿಯುತ್ತದೆ, ಮಗ್ಗುಲು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಮುದಿ ಟೈರು, ಮೀರಿದ ಭಾರ, ಕಡಿಮೆ ಗಾಳಿ. ಗುಂಡಿಯ ಮೇಲೆ ತಪ್ಪು ಹೊರಿಸಬೇಕಾದ ಅಗತ್ಯವೇ ಇರಲಿಲ್ಲ.

ಇನ್ನು ಯಾವ ಟೈರು? ಅಮೆರಿಕದಲ್ಲಿ ಟ್ರೇಲರುಗಳಿಗೆಂದೇ ‘ಎಸ್‌ಟಿ’ ಗುರುತಿನ ಟೈರುಗಳಿವೆ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಅವು ಇರಲಿಲ್ಲ. ಇಲ್ಲಿ ಸಿಗುವುದರಲ್ಲಿ ಈ ಕೆಲಸಕ್ಕೆ ಒಗ್ಗುವುದು ಸಣ್ಣ ಸರಕು ವಾಹನಗಳ ಟೈರು. 185 ಆರ್ 14 ಮೊದಲು ಕಣ್ಣಿಗೆ ಬಿತ್ತು, ಭಾರದ ಸೂಚ್ಯಂಕ 102, ಅಂದರೆ 850 ಕಿಲೋ. ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಮನಸ್ಸು ಹೇಳಿತು. ಆದರೆ ಅದು ಎರಡು ಸೆಂಟಿಮೀಟರ್ ಅಗಲ, ಸುಮಾರು ಮೂರು ಸೆಂಟಿಮೀಟರ್ ಎತ್ತರ ಹೆಚ್ಚು. ನಮ್ಮ ಗಾಡಿಯ ಗಾಲಿಮನೆಯೊಳಗೆ ಕೈಬೆರಳು ತೂರಿಸಿ ಅಳೆದೆ. ಸ್ಪ್ರಿಂಗು ತಗ್ಗಿದಾಗ ಉಜ್ಜುವುದು ಖಂಡಿತ. 165 ಆರ್ 14 ಎಲ್‌ಟಿ, 8 ಪಿಆರ್ ಎಂಬುದು ಹಳೆಯದರಷ್ಟೇ ಎತ್ತರ, ಅಷ್ಟೇ ಅಗಲ. ಮಗ್ಗುಲಿನಲ್ಲಿ 97/95: ಒಂಟಿ ಗಾಲಿಗೆ 730 ಕಿಲೋ, ಜೋಡಿ ಗಾಲಿಯಾದರೆ ಒಂದೊಂದಕ್ಕೆ 690. ಆ ‘8 ಪಿಆರ್’ ಎಂದರೆ ಒಳಗೆ ಎಂಟು ಪದರವಿದೆ ಎಂದಲ್ಲ. ಹಿಂದಿನ ಕಾಲದ ಎಂಟು ಪದರದ ಹತ್ತಿಬಟ್ಟೆಯ ಟೈರಿನಷ್ಟು ಗಟ್ಟಿ ಎಂದು ಅರ್ಥ. ಟೈರು ತಾಳಿದರೆ ಸಾಲದು, ರಿಮ್ ಕೂಡ ತಾಳಬೇಕು. ಗಾಡಿ ಕಟ್ಟಿದವರಿಗೆ ಫೋನ್ ಮಾಡಿ, ರಿಮ್ ಎಷ್ಟು ಭಾರ, ಎಷ್ಟು ಗಾಳಿಗೆ ಆಗುತ್ತದೆಂದು ಕೇಳಿ, ಆಗುತ್ತದೆ ಎಂದು ಅವರು ಖಚಿತಪಡಿಸಿದ ಮೇಲೆಯೇ ಮುಂದುವರಿದೆ.

ಆ ರಾತ್ರಿ ಬ್ಯಾಟರಿಯನ್ನು ಬಲಕ್ಕೆ ಸರಿಸಿದೆವು. ಮತ್ತೆ ಕಾಟಾಕ್ಕೆ ಹೋದಾಗ ಎಡಕ್ಕೆ 500, ಬಲಕ್ಕೆ 470.

ಚಿಂಚವಡದ ಎರಡನೆಯ ಅಂಗಡಿಯಲ್ಲಿ ಟೈರು ಕಳಚುವ ಹುಡುಗ ಫೋನಿನಲ್ಲಿ ಮಾತಾಡುತ್ತಿದ್ದ. ‘ಅವ್ವಾ, ಊಟ ಮಾಡಿದ್ದೇನೆ, ನೀನು ಮಾಡು’ ಎಂಬುದು ಕಿವಿಗೆ ಬಿತ್ತು. ಊರು ಯಾವುದೆಂದು ಕನ್ನಡದಲ್ಲಿ ಕೇಳಿದೆ. ಸಿಂದಗಿ ಎಂದ. ಅಷ್ಟರವರೆಗೆ ‘ಸಾಹೇಬ್’ ಆಗಿದ್ದ ನಾನು ಅಲ್ಲಿಂದ ‘ಕಾಕಾ’ ಆದೆ.

ಮೂರು ಟೈರು ಬೇಕು ಎಂದೆ, ಸ್ಟೆಪ್ನಿ ಸೇರಿ. ಗೋದಾಮಿನಿಂದ ಬಂದ ಮೂರರಲ್ಲಿ ಎರಡರ ಮೇಲೆ 2824, ಒಂದರ ಮೇಲೆ 1122. ಎರಡೂವರೆ ವರ್ಷ ಗೋದಾಮಿನಲ್ಲಿ ಕೂತ ಟೈರಿಗೂ ಹೊಸ ಟೈರಿನ ಬೆಲೆಯೇ. ಅದನ್ನು ಬದಲಿಸಿಕೊಡಲು ಯಜಮಾನರು ಮೊದಲು ಒಪ್ಪಲಿಲ್ಲ. ‘ಕಾಕಾ ಕೇಳುವುದು ಸರಿಯಾಗಿಯೇ ಇದೆ’ ಎಂದು ಹುಡುಗನೇ ಮರಾಠಿಯಲ್ಲಿ ಹೇಳಿ, ಒಳಗೆ ಹೋಗಿ, ಇನ್ನೊಂದು 2824 ಹುಡುಕಿ ತಂದ.

ಜಾಕ್ ಹಾಕುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದ, ಇನ್ನೊಂದು ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ನಾನು ಹೇಳಬೇಕೆಂದುಕೊಂಡಿದ್ದನ್ನೆಲ್ಲ ಅವನು ಹೇಳಿಸಿಕೊಳ್ಳದೆ ಮಾಡುತ್ತಿದ್ದ. ಗಾಲಿ ಬಿಚ್ಚಿದ ಮೇಲೆ ಹಬ್ ತಿರುಗಿಸಿ ಕಿವಿಯಿಟ್ಟ. ಎಡದ್ದು ಗರಗರ ಎನ್ನುತ್ತಿತ್ತು. ಬೇರಿಂಗ್ ತೊಳೆದು ಹೊಸ ಗ್ರೀಸು ತುಂಬಲು ಒಂದು ಗಂಟೆ ಹೋಯಿತು. ವಾಲ್ವ್ ರಬ್ಬರಿನದು ಬೇಡ, ಲೋಹದ್ದು ಹಾಕು ಎಂದೆ. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗಿನದು, ಬಿಸಿಲಿನ ದಾರಿಯಲ್ಲಿ ಗಾಳಿ ಕಾದು ಏರುವುದಕ್ಕೂ ಜಾಗ ಬೇಕು. ಹೊಸ ಟೈರಿನ ಮಗ್ಗುಲಿಗೆ ಒಂದು ಹಳದಿ ಚುಕ್ಕೆ ಇತ್ತು. ಟೈರಿನ ಅತಿ ಹಗುರವಾದ ಜಾಗ ಅದು. ಹುಡುಗ ಆ ಚುಕ್ಕೆಯನ್ನು ವಾಲ್ವಿನ ಪಕ್ಕಕ್ಕೇ ತಂದು ನಿಲ್ಲಿಸಿ, ಅಂಚಿಗೆ ಸಾಬೂನು ನೀರು ಬಳಿದು ಗಾಳಿ ಬಿಟ್ಟ. ಎರಡು ಸಲ ಟಪ್ ಟಪ್ ಎಂದು ಟೈರು ರಿಮ್ಮಿನ ಮೇಲೆ ಕೂತಿತು. ಬ್ಯಾಲೆನ್ಸಿಂಗ್, ಅಂದರೆ ಗಾಲಿ ನಡುಗದಂತೆ ಅದರ ಭಾರ ಸರಿದೂಗಿಸುವುದು, ಎಳೆಯುವ ಗಾಡಿಗೆ ಬೇಡವೆಂದರು ಯಜಮಾನರು. ಒಳಗೆ ಕಪಾಟಿನ ಮೊಳೆಗಳು ಪ್ರತಿ ಪ್ರವಾಸದಲ್ಲೂ ಸಡಿಲವಾಗುವುದನ್ನು ನೋಡಿದ ನಾನು ಮಾಡಿಸಿಯೇ ತೀರಿದೆ. ಗಾಳಿ 50ಕ್ಕೆ ನಿಲ್ಲಿಸಿದೆವು. ನಮ್ಮ ಭಾರಕ್ಕೆ ಅಷ್ಟು ಸಾಕು, ಮೇಲೆ ಸ್ವಲ್ಪ ಉಳಿತಾಯವೂ ಇದೆ.

ನಟ್ಟುಗಳನ್ನು ಗಾಳಿಯ ಗನ್ನಿನಿಂದ ಬಿಗಿಯಲು ನಾನು ಬಿಡಲಿಲ್ಲ. ಕೈಯಿಂದ ಹತ್ತಿಸಿ, ಎದುರುಬದುರಾಗಿ ಒಂದೊಂದನ್ನೇ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ನಮ್ಮ ಗಾಡಿಗೆ ಹೇಳಿದ 100 ನ್ಯೂಟನ್ ಮೀಟರಿಗೆ ಬಿಗಿದೆವು. ಅಷ್ಟು ಬಿಗಿಯಾಗಿ ಪಾನಾ ಕಟ್ ಎಂದಾಗಲೆಲ್ಲ ಹುಡುಗ ಸುಣ್ಣದ ಕಡ್ಡಿಯಿಂದ ಆ ನಟ್ಟಿನ ಮೇಲೆ ಗೀಟು ಎಳೆದ.

ಹಳೆಯವನ್ನು ಬಿಟ್ಟು ಹೋದರೆ ಒಂದೊಂದಕ್ಕೆ ಇನ್ನೂರು ರೂಪಾಯಿ ಕಡಿಮೆ ಮಾಡುತ್ತೇನೆ ಎಂದರು ಯಜಮಾನರು. ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ಟ್ರೆಡ್ ಚೆನ್ನಾಗಿದೆ, ಯಾರಾದರೂ ಹಾಕಿಕೊಳ್ಳುತ್ತಾರೆ ಎಂದರು. ಯಾರಾದರೂ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡ ಯಾರಾದರೂ, ಟ್ರೆಡ್ ನೋಡಿ ನಂಬುವ ಯಾರಾದರೂ. ನನಗೆ ಆ ದುಡ್ಡು ಬೇಡವೆಂದೆ.

‘ತಮ್ಮಾ, ಇವನ್ನು ಕತ್ತರಿಸಲು ಆಗುತ್ತದೆಯೇ?’

‘ಮಗ್ಗುಲು ಆಗುತ್ತದೆ ಕಾಕಾ, ಟ್ರೆಡ್ಡಿನ ಕೆಳಗೆ ತಂತಿ ಇದೆ’ ಎಂದು ಅವನು ಚೂರಿಯನ್ನು ನೀರಿನಲ್ಲಿ ಅದ್ದಿದ. ಒದ್ದೆ ಚೂರಿ ರಬ್ಬರನ್ನು ಸಲೀಸಾಗಿ ಸೀಳುತ್ತದೆ. ಮೂರರ ಮಗ್ಗುಲನ್ನೂ ಎರಡೆರಡು ಕಡೆ ಸೀಳಿದ. ಉಬ್ಬಿದ್ದ ಜಾಗವನ್ನು ನನಗೆ ತೋರಿಸಲೆಂದು ಬೆರಳಿನಿಂದ ಅಗಲಿಸಿ ಹಿಡಿದ. ಒಳಗಿನ ದಾರಗಳು ಹಳೆಯ ಹೊರಸಿನ ಹಗ್ಗದಂತೆ ಒಂದೊಂದಾಗಿ ಹರಿದು ಎಳೆಎಳೆಯಾಗಿದ್ದವು. ಎರಡು ಬೆರಳಗಲ ಜಾಗದಲ್ಲಿ ಒಂದು ದಾರವೂ ಉಳಿದಿರಲಿಲ್ಲ. ಶಿರವಳದಲ್ಲಿ ನಿಲ್ಲುವವರೆಗೆ ಗಾಳಿಯನ್ನು ತಡೆದಿದ್ದು ಬರಿಯ ರಬ್ಬರು. ನಾನೂ ಅವನೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತೆವು. ಅವನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡ, ಮುಂದೆ ಬರುವವರಿಗೆ ತೋರಿಸುತ್ತೇನೆ ಎಂದ.

ದೀಪಾವಳಿಗೆ ಮೂರು ದಿನ ಮುಂಚೆ ನಸುಕಿನಲ್ಲಿ ಹೊರಟೆವು. ಹೊಸ ಗಾಲಿ ಕೂರಿಸಿದ ಮೇಲೆ ಐವತ್ತು ಕಿಲೋಮೀಟರ್ ಸುಮಾರಿಗೆ ನಟ್ಟುಗಳನ್ನು ಮತ್ತೊಮ್ಮೆ ನೋಡಬೇಕು. ಖೇಡ ಶಿವಾಪುರದ ಟೋಲ್ ದಾಟಿ, ಇನ್ನೂ ಬೆಳಕು ಹರಿಯುತ್ತಿರುವಾಗ ಬದಿಗೆ ನಿಲ್ಲಿಸಿ ಪಾನಾ ತೆಗೆದೆ. ಹೆಂಡತಿ ಬೆಳಕು ಹಿಡಿದಳು. ಬಲಗಡೆಯ ನಾಲ್ಕೂ ಕದಲಲಿಲ್ಲ, ಪಾನಾ ಕಟ್ ಎಂದಿತು. ಎಡಗಡೆಯ ಒಂದು ನಟ್ಟು ಸುಣ್ಣದ ಗೀಟಿನಿಂದ ಒಂದು ಕೂದಲೆಳೆಯಷ್ಟು ಮುಂದೆ ಹೋಗಿ ನಿಂತಿತು. ಎರಡು ಟೈರುಗಳ ಮೇಲೂ ಅಂಗೈ ಇಟ್ಟು, ಹೆಂಡತಿಯ ಕೈಯನ್ನೂ ಇಡಿಸಿದೆ. ಧಾರವಾಡಕ್ಕೆ ಫೋನ್ ಮಾಡಿ, ಸಂಜೆಯೊಳಗೆ ಬರುತ್ತೇವೆ ಎಂದು ಅವ್ವನಿಗೆ ತಿಳಿಸಿ, ಪಾನಾವನ್ನು ಸೀಟಿನ ಕೆಳಗಿಟ್ಟೆ.