ಗಿಟಾರಿನ ಶ್ರುತಿ ಬಿರಡೆಯಲ್ಲಷ್ಟೇ ಇಲ್ಲ

ಆರು ತಂತಿಗಳನ್ನೂ ಟ್ಯೂನರ್ ನೋಡಿಕೊಂಡು ಶ್ರುತಿ ಮಾಡಿದ ಮೇಲೂ ಗಿಟಾರ್ ಅಪಸ್ವರ ನುಡಿಯುತ್ತದೆ ಎಂಬ ದೂರು ಹೊಸದಾಗಿ ಕಲಿಯುವವರಿಂದ ಆಗಾಗ ಕೇಳಿಬರುತ್ತದೆ. ಬಿರಡೆ ತಿರುಗಿಸಿದರೆ ಸರಿಹೋಗುವುದು ಬಿಡಿ ತಂತಿಯ ಸ್ವರ ಮಾತ್ರ. ಬೆರಳಿಟ್ಟು ಒತ್ತಿದ ಸ್ವರವೂ ಸರಿಯಾಗಿರಬೇಕಾದರೆ ನೆಕ್‌ನ (ಬೆರಳಾಡುವ ಉದ್ದ ಕತ್ತಿನ) ಬಾಗು, ನಟ್‌ನ (ಬಿರಡೆಗಳ ಕಡೆ ತಂತಿಗಳು ಕೂರುವ ಕಚ್ಚುಪಟ್ಟಿಯ) ಎತ್ತರ, ದೇಹದ ಮೇಲಿನ ಬ್ರಿಡ್ಜ್‌ನಲ್ಲಿ ಸ್ಯಾಡಲ್ (ತಂತಿಗಳ ಇನ್ನೊಂದು ತುದಿಯ ಆನಿಕೆ) ಕೂತಿರುವ ಜಾಗ ಇವು ಮೂರೂ ಹೊಂದಿಕೊಂಡಿರಬೇಕು.

ತಂತಿಯನ್ನು ಫ್ರೆಟ್‌ಗೆ, ಅಂದರೆ ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿಗೆ, ಒತ್ತಿದಾಗ ಅದರ ಉದ್ದ ಕಡಿಮೆಯಾಗುವುದಲ್ಲದೆ ಅದು ತುಸು ಬಿಗಿಯೂ ಆಗುತ್ತದೆ. ಬಿಗಿಯಾದಷ್ಟೂ ಸ್ವರ ಏರುತ್ತದೆ. 648 ಮಿ.ಮೀ. ಸ್ಕೇಲಿನ (ನಟ್‌ನಿಂದ ಸ್ಯಾಡಲ್‌ವರೆಗಿನ ಲೆಕ್ಕದ ಉದ್ದದ) ಗಿಟಾರಿನಲ್ಲಿ ಹನ್ನೆರಡನೆಯ ಫ್ರೆಟ್ ನಟ್‌ನಿಂದ ಸರಿಯಾಗಿ 324 ಮಿ.ಮೀ. ದೂರದಲ್ಲಿದ್ದರೂ, ಈ ಏರಿಕೆಯನ್ನು ಸರಿದೂಗಿಸಲು ಸ್ಯಾಡಲನ್ನು ಲೆಕ್ಕದ ಜಾಗಕ್ಕಿಂತ ತೆಳು ತಂತಿಗೆ ಒಂದೆರಡು ಮಿ.ಮೀ., ದಪ್ಪ ತಂತಿಗೆ ಇನ್ನೂ ಹೆಚ್ಚು ಹಿಂದಕ್ಕೆ ಇಡಬೇಕಾಗುತ್ತದೆ. ಅಕೌಸ್ಟಿಕ್ ಗಿಟಾರಿನ ಸ್ಯಾಡಲ್ ಓರೆಯಾಗಿರುವುದು ಇದಕ್ಕಾಗಿಯೇ.

ಆದರೆ ಸ್ಯಾಡಲ್ ಕೊನೆಯ ಕೆಲಸ. ಮೊದಲು ಹೊಸ ತಂತಿ ಹಾಕಬೇಕು, ಏಕೆಂದರೆ ತುಕ್ಕು ಹಿಡಿದು ಸವೆದ ತಂತಿ ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ. ಆಮೇಲೆ ಆರನೆಯ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ, ಏಳೆಂಟನೆಯ ಫ್ರೆಟ್‌ನ ಮೇಲೆ ಸುಮಾರು 0.2 ಮಿ.ಮೀ. ಸಂದು ಉಳಿಯುವಂತೆ ನೆಕ್‌ನೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಬೇಕು. ತಂತಿಯ ಎತ್ತರವನ್ನು ಕೂಡ ಸ್ಯಾಡಲ್ ಸರಿಸುವ ಮೊದಲೇ ನಿಗದಿ ಮಾಡಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾಗುವ ಭಾಗ ನಟ್ ಎಂಬುದು ನನ್ನ ಅಭಿಪ್ರಾಯ, ಅದರಲ್ಲೂ ಅಗ್ಗದ ಗಿಟಾರುಗಳಲ್ಲಿ. ಎರಡನೆಯ ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ತಂತಿಯನ್ನು ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ಕಣ್ಣಿಟ್ಟು ನೋಡಿದರೆ, ತಂತಿಗೂ ಫ್ರೆಟ್‌ಗೂ ನಡುವೆ ಕಂಡೂ ಕಾಣದಷ್ಟು ಸಂದಿರಬೇಕು. ಅಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ‘ಟಿಕ್’ ಎಂಬ ಸಣ್ಣ ಸದ್ದು ಬರಬೇಕು. ಸಂದು ಎದ್ದು ಕಾಣುವಷ್ಟಿದ್ದರೆ ನಟ್‌ನಲ್ಲಿ ತಂತಿ ಕೂರುವ ಕಚ್ಚಿನ ಆಳ ಸಾಲದೆಂದರ್ಥ, ಮತ್ತು ಎಫ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಷ್ಟು ಹಿಡಿದರೂ ಏರುಸ್ವರವಾಗಿಯೇ ಕೇಳಿಸುತ್ತದೆ. ಇದನ್ನು ಸ್ಯಾಡಲ್ ಸರಿಸಿ ಸರಿಪಡಿಸಲು ಹೊರಡುವವರು ಮೇಲಿನ ಫ್ರೆಟ್‌ಗಳನ್ನೂ ಕೆಡಿಸಿಕೊಳ್ಳುತ್ತಾರೆ. ಕಚ್ಚನ್ನು ಆಯಾ ತಂತಿಯ ದಪ್ಪಕ್ಕೆ ತಕ್ಕ ಅರದಿಂದಲೇ ತೀಡಬೇಕು, ಕೂದಲೆಳೆಯಷ್ಟು ಹೆಚ್ಚಾದರೂ ಬಿಡಿ ತಂತಿ ಗರಗರ ಎನ್ನುವುದರಿಂದ ಈ ಕೆಲಸವನ್ನು ಬಲ್ಲವರಿಗೆ ಬಿಡುವುದೇ ಲೇಸು. ಬಿರಡೆ ತಿರುಗಿಸುವಾಗ ‘ಟಿಣ್’ ಎಂದು ಸ್ವರ ಒಮ್ಮೆಲೇ ಜಿಗಿದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಅದಕ್ಕೆ ಪೆನ್ಸಿಲಿನ ಸೀಸದ ಪುಡಿ ಸಾಕು.

ಈಗ ಸ್ಯಾಡಲ್. ಗಿಟಾರನ್ನು ನುಡಿಸುವ ಭಂಗಿಯಲ್ಲೇ ಹಿಡಿದು, ಹನ್ನೆರಡನೆಯ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದಾಗ ಬರುವ ಸ್ವರ) ಅನ್ನೂ ಅಲ್ಲೇ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್‌ನ ಕಡೆಗೆ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ನೋಡಬೇಕು. ಫೆಂಡರ್ ಕಂಪನಿಯ ಹಳೆಯ ಎಲೆಕ್ಟ್ರಿಕ್ ಗಿಟಾರ್ ಟೆಲಿಕಾಸ್ಟರ್‌ನಲ್ಲಿ ಎರಡೆರಡು ತಂತಿಗೆ ಒಂದೇ ಸ್ಯಾಡಲ್ ಇದ್ದುದರಿಂದ ರಾಜಿ ಅನಿವಾರ್ಯವಾಗಿತ್ತು. ಅದೇ ಕಂಪನಿಯ 1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ಆರಕ್ಕೂ ಬೇರೆ ಬೇರೆ ಸ್ಯಾಡಲ್‌ಗಳು ಬಂದವು.

ಇಷ್ಟಾದ ಮೇಲೂ ತಂಬೂರಿಗೆ ಪಳಗಿದ ಕಿವಿಗೆ ಒಂದು ಅಸಮಾಧಾನ ಉಳಿಯುತ್ತದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಸುವ ಅಂತರ ಗಾಂಧಾರಕ್ಕಿಂತ ಗಿಟಾರಿನ ಫ್ರೆಟ್ ಕೊಡುವ ಗಾಂಧಾರ ಸುಮಾರು 14 ಸೆಂಟ್ (ಸೆಂಟ್ ಎಂದರೆ ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರಾಂತರದ ನೂರನೆಯ ಒಂದು ಭಾಗ) ಮೇಲಿದೆ, ಏಕೆಂದರೆ ಫ್ರೆಟ್‌ಗಳು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಲೆಕ್ಕದವು. ಎರಡನೆಯ ತಂತಿ ಗಾಂಧಾರವಾಗಿ ಬರುವ ಜಿ ಮೇಜರ್ ಕಾರ್ಡ್ ಇಂಪಾಗಿರಲೆಂದು ಆ ತಂತಿಯನ್ನು ಕಿವಿಯಿಂದ ಇಳಿಸಿದರೆ, ಅದೇ ತಂತಿ ಪಂಚಮವಾಗಿ ಬರುವ ಇ ಮೇಜರ್ ಅಷ್ಟೇ ಇಳಿದು ಕೆಡುತ್ತದೆ. ಹಾಡಿನಲ್ಲಿ ಎರಡೂ ಕಾರ್ಡ್‌ಗಳು ಬರುವುದಾದರೆ ಟ್ಯೂನರ್ ತೋರಿಸಿದಲ್ಲೇ ಬಿರಡೆಯನ್ನು ನಿಲ್ಲಿಸಬೇಕು.