ಹಳೆಯ ಪಿನ್‌ಬಾಲ್ ಯಂತ್ರ ಕೊಳ್ಳಲು ಹೊರಟವರಿಗೆ: ಮೊದಲು ಗಾಜು ತೆಗೆಸಿ

ಪಿನ್‌ಬಾಲ್ ಎಂದರೆ ಗಾಜಿನ ಕೆಳಗಿನ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಕೆಳಗೆ ಜಾರಿಹೋಗದಂತೆ ಹೊಡೆದು ಅಂಕ ಗಳಿಸುವ ಆಟ. ಅಂಥ ಯಂತ್ರಗಳನ್ನು ಆಡಲೂ ಮಾರಲೂ ತಂದಿಡುವ ಪ್ರದರ್ಶನಕ್ಕೆ ಹೊರಡುವ ಹಿಂದಿನ ರಾತ್ರಿ ನಾನು ಲೆಕ್ಕ ಹಾಕಿದ್ದು ಎರಡನ್ನೇ: ಕೈಯಲ್ಲಿದ್ದ ಹಣ ಮತ್ತು ಮನೆ ಬಾಗಿಲಿನ ಅಗಲ. ಬಾಡಿಗೆ ವ್ಯಾನಿನ ಹಿಂಬಾಗಿಲು ನೆನಪಿಗೇ ಬರಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಭಾವಮೈದುನ ಕೇಳಿದ: "ಭಾವ, ಆ ಪೆಟ್ಟಿಗೆ ಇದರೊಳಗೆ ಹಿಡಿಸುತ್ತದೆ ತಾನೆ?" ರಸ್ತೆ ಬದಿಗೆ ನಿಲ್ಲಿಸಿ ಟೇಪು ಹಿಡಿದೆವು. ಹಿಡಿಸುತ್ತಿತ್ತು, ಆದರೆ ಎರಡು ಬೆರಳಿನಷ್ಟು ಜಾಗ ಮಾತ್ರ ಉಳಿಯುತ್ತಿತ್ತು.

ನೀವು ಹಾಗೆ ಮಾಡಬೇಡಿ. 1990ರ ದಶಕದ ಸಾಮಾನ್ಯ ಪಿನ್‌ಬಾಲ್ ಯಂತ್ರ ನಿಂತಾಗ ಸುಮಾರು 190 ಸೆಂ.ಮೀ. ಎತ್ತರ, 130 ಸೆಂ.ಮೀ. ಉದ್ದ ಇರುತ್ತದೆ; ತೂಕ 110 ಕಿಲೋ ದಾಟುತ್ತದೆ. ಮೈಯ ಅಗಲ 56 ಸೆಂ.ಮೀ. ಆಸುಪಾಸು. ಆದರೆ ಮೇಲೆ ಅಂಕ ತೋರಿಸುವ ತಲೆಪೆಟ್ಟಿಗೆ ಅದಕ್ಕಿಂತ ಅಗಲ, 70 ಸೆಂ.ಮೀ. ಮೀರುತ್ತದೆ. ಬಾಗಿಲಲ್ಲಿ ಸಿಕ್ಕಿಕೊಳ್ಳುವುದು ಯಾವಾಗಲೂ ತಲೆಯೇ. ಮನೆಯ ಮೆಟ್ಟಿಲು ತಿರುಗುವ ಜಾಗವನ್ನೂ ಅಳೆದುಕೊಳ್ಳಿ.

ಪ್ರದರ್ಶನದಲ್ಲೇ ಕೊಳ್ಳುವುದು ಏಕೆ ಎಂದು ಹಲವರು ಕೇಳಿದ್ದಾರೆ. ಯಾರದೋ ಮನೆಯ ಮೂಲೆಯಲ್ಲಿ ನಿಂತ ಯಂತ್ರವನ್ನು ನೋಡಲು ಹೋದರೆ ನೀವು ಆಡುವುದು ನಾಲ್ಕೈದು ಆಟ, ಅದೂ ಮಾಲೀಕರು ಹಿಂದೆ ನಿಂತಿರುವಾಗ. ಪ್ರದರ್ಶನದಲ್ಲಿ ಉತ್ಸಾಹಿಗಳು ತಮ್ಮ ಯಂತ್ರಗಳನ್ನು ತಂದು ಸಾಲಾಗಿ ನಿಲ್ಲಿಸಿರುತ್ತಾರೆ, ನಾಣ್ಯ ಹಾಕದೆ ಆಡುವಂತೆ ಬಿಟ್ಟಿರುತ್ತಾರೆ, ಬೆಳಗಿನಿಂದ ರಾತ್ರಿವರೆಗೆ ಗುರುತಿಲ್ಲದ ಕೈಗಳು ಅವನ್ನು ಬಡಿಯುತ್ತಿರುತ್ತವೆ. ಒಂದು ಮನೆಯಲ್ಲಿ ಹಲವು ತಿಂಗಳಲ್ಲಿ ಆಗುವ ಆಟ ಅಲ್ಲಿ ಮೂರು ದಿನದಲ್ಲಿ ಮುಗಿಯುತ್ತದೆ. ದುರ್ಬಲ ಭಾಗ ಯಾವುದಿದ್ದರೂ ನಿಮ್ಮ ಕಣ್ಣೆದುರೇ ಸೋಲುತ್ತದೆ. ಇಂಥ ಪರೀಕ್ಷೆ ಬೇರೆಲ್ಲೂ ಸಿಗದು.

ಆದರೆ ಅದೇ ಸಭಾಂಗಣ ಎರಡು ವಿಷಯಗಳನ್ನು ಮುಚ್ಚಿಡುತ್ತದೆ. ದೀಪ ಮಂದವಾಗಿರುವುದರಿಂದ ಬಣ್ಣ ಮಾಸಿದ್ದು ಕಾಣುವುದಿಲ್ಲ. ನೂರಾರು ಯಂತ್ರಗಳ ಗದ್ದಲದಲ್ಲಿ ನಿಮ್ಮ ಯಂತ್ರದ ಸ್ಪೀಕರ್ ಬದುಕಿದೆಯೋ ಇಲ್ಲವೋ ತಿಳಿಯುವುದಿಲ್ಲ. ನಾನು ಟಾರ್ಚ್ ಒಯ್ದಿದ್ದೆ, ಮೊದಲನೆಯದರಿಂದ ಪಾರಾದೆ. ಎರಡನೆಯದರ ಕತೆ ಮುಂದೆ ಬರುತ್ತದೆ.

ಯಾವ ಕಾಲದ ಯಂತ್ರ ಬೇಕು ಎಂಬುದನ್ನು ಮನೆಯಲ್ಲೇ ನಿರ್ಧರಿಸಿಕೊಂಡು ಹೋಗಿ. ಗುಂಡಿ ಒತ್ತಿದರೆ ಚೆಂಡನ್ನು ಚಿಮ್ಮಿಸುವ ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ. ಅಲ್ಲಿಂದ 1970ರ ದಶಕದ ಕೊನೆಯ ಭಾಗದವರೆಗಿನವು ಬಹುಪಾಲು ರಿಲೇ (ವಿದ್ಯುತ್ತಿನಿಂದ ತಾನಾಗಿ ತೆರೆದು ಮುಚ್ಚುವ ಸ್ವಿಚ್), ತಿರುಗುವ ಅಂಕದ ಚಕ್ರ, ಗಂಟೆಗಳ ಯಂತ್ರಗಳು. ಅವುಗಳಲ್ಲಿ ಸುಡುವ ಚಿಪ್ ಇಲ್ಲ, ಆದರೆ ನೂರಾರು ಸಂಪರ್ಕ ಬಿಂದುಗಳನ್ನು ಉಜ್ಜಿ ಸರಿಪಡಿಸುವ ತಾಳ್ಮೆ ಬೇಕು. ಆಮೇಲಿನವು ಎಲೆಕ್ಟ್ರಾನಿಕ್. 1991ರ ಹೊತ್ತಿಗೆ ಚುಕ್ಕೆಗಳಲ್ಲಿ ಚಿತ್ರ ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಫಲಕ ಬಂತು. ನಾನು ಹುಡುಕುತ್ತಿದ್ದದ್ದು ಈ ಕೊನೆಯ ಗುಂಪಿನಲ್ಲಿ. ಇವುಗಳ ಸರ್ಕಿಟ್ ನಕ್ಷೆ, ಕೈಪಿಡಿ, ಬಿಡಿಭಾಗ ಈಗಲೂ ಸಿಗುತ್ತವೆ. ಮೊದಲ ಸಲ ಕೊಳ್ಳುವವರಿಗೆ ಇದೇ ಮುಖ್ಯ.

ಮಾರಾಟಗಾರರು ಯಂತ್ರಗಳನ್ನು ಇಳಿಸುವ ಶುಕ್ರವಾರ ಸಂಜೆಯೇ ತಲುಪಿದೆವು. ಒಳ್ಳೆಯವು ಆಗಲೇ ಕೈ ಬದಲಾಯಿಸುತ್ತವೆ ಎಂಬುದು ನಿಜ. 1990ರ ಫನ್‌ಹೌಸ್ ಒಂದಿತ್ತು. ಹಲಗೆಯ ಮೇಲೆ ಮಾತನಾಡುವ ಬೊಂಬೆಯ ತಲೆ, ಅದರ ಬಾಯಿಗೆ ಚೆಂಡು ಹೊಡೆಯಬೇಕು. ನಾನು ಎರಡು ಆಟ ಆಡಿ ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿ ಮಾತು ಮುಗಿದು ಗಾಜಿನ ಮೇಲೆ "ಮಾರಾಟವಾಗಿದೆ" ಚೀಟಿ ಬಿತ್ತು. ಆ ರಾತ್ರಿ ಬೇಸರವಾಯಿತು. ಈಗ ಯೋಚಿಸಿದರೆ ಬಚಾವಾದೆ ಅನಿಸುತ್ತದೆ, ಏಕೆಂದರೆ ನಾನು ಅದರ ಒಳಗೆ ಒಮ್ಮೆಯೂ ಇಣುಕಿರಲಿಲ್ಲ. ಆಟ ಇಷ್ಟವಾಯಿತು, ಕೊಳ್ಳಲು ಹೊರಟಿದ್ದೆ. ಈ ಹವ್ಯಾಸದಲ್ಲಿ ದುಡ್ಡು ಸೋರುವ ತೂತು ಇದೇ.

ಶನಿವಾರ ಬೆಳಗ್ಗೆ ನಾಲ್ಕು ಯಂತ್ರಗಳನ್ನು ಗುರುತು ಮಾಡಿಕೊಂಡೆ. ಪ್ರತಿಯೊಬ್ಬ ಮಾಲೀಕರಿಗೂ ಒಂದೇ ವಿನಂತಿ: "ಗಾಜು ತೆಗೆದು, ತಲೆಪೆಟ್ಟಿಗೆ ತೆರೆದು ತೋರಿಸುತ್ತೀರಾ?" ಒಬ್ಬರು ಬೀಗದ ಕೈ ತಂದಿಲ್ಲ ಎಂದರು. ಸುಳ್ಳೋ ನಿಜವೋ, ನನಗೆ ಲೆಕ್ಕವಿಲ್ಲ. ಅಲ್ಲಿಗೆ ಅದು ಪಟ್ಟಿಯಿಂದ ಹೊರಗೆ. ಉಳಿದ ಮೂವರು ಖುಷಿಯಿಂದಲೇ ತೆರೆದರು. ಚೆನ್ನಾಗಿ ಇಟ್ಟುಕೊಂಡವರಿಗೆ ಒಳಗನ್ನು ತೋರಿಸುವುದೆಂದರೆ ಮಕ್ಕಳ ಅಂಕಪಟ್ಟಿ ತೋರಿಸಿದ ಹಾಗೆ.

ತಲೆಪೆಟ್ಟಿಗೆಯಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ. ಆ ಕಾಲದ ಅನೇಕ ಯಂತ್ರಗಳಲ್ಲಿ ಅಂಕದ ದಾಖಲೆ ಉಳಿಸಲು ಮುಖ್ಯ ಬೋರ್ಡಿನ ಮೇಲೆಯೇ ಮೂರು ಎಎ ಸೆಲ್‌ಗಳು ಕೂತಿರುತ್ತವೆ. ಮರೆತು ಬಿಟ್ಟರೆ ಅವು ಸೋರಿ, ಕ್ಷಾರ ಕೆಳಗಿಳಿದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಅಥವಾ ಬಿಳಿ ಹುಡಿ, ಬೂದು ಬಣ್ಣಕ್ಕೆ ತಿರುಗಿದ ಬೆಸುಗೆ ಕಂಡರೆ ಇಂದು ಯಂತ್ರ ನಡೆಯುತ್ತಿದ್ದರೂ ಬೋರ್ಡ್ ಬದಲಿಸುವ ಖರ್ಚನ್ನು ಈಗಲೇ ಬೆಲೆಯಲ್ಲಿ ಕಳೆಯಿರಿ. ಇನ್ನೂ ಹಳೆಯ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಬೋರ್ಡಿಗೆ ಬೆಸುಗೆ ಹಾಕಿದ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದರ ಹಾನಿ ಇನ್ನೂ ಕೆಟ್ಟದು. ಪಕ್ಕದಲ್ಲೇ ವೈರುಗಳ ಕನೆಕ್ಟರ್‌ಗಳನ್ನೂ ನೋಡಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟಿದ್ದರೆ, ಹಲಗೆಯ ಸಾಮಾನ್ಯ ದೀಪಗಳಿಗೆ ಹೋಗುವ ಸಾಲಿನಲ್ಲಿ ವರ್ಷಗಳಿಂದ ಬಿಸಿ ಏರಿದೆ ಎಂದರ್ಥ. ಇದು ಸರ್ವೇಸಾಮಾನ್ಯ, ರಿಪೇರಿಯೂ ದೊಡ್ಡದಲ್ಲ, ಆದರೆ ಚೌಕಾಸಿಗೆ ಒಳ್ಳೆಯ ಆಯುಧ.

ಆಮೇಲೆ ಆಟದ ಹಲಗೆ. ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ, ಹಲಗೆಗೆ ಸಮಾನಾಂತರವಾಗಿ ಪಕ್ಕದಿಂದ ಹಾಯಿಸಿ. ಬೆಳಕು ಓರೆಯಾಗಿ ಬಿದ್ದಾಗ ಕುಸಿದ ದೀಪದ ಬಿಲ್ಲೆ (ಕೆಳಗಿನ ಬಲ್ಬಿನಿಂದ ಹೊಳೆಯುವ ಪ್ಲಾಸ್ಟಿಕ್ ತುಂಡು), ಎದ್ದ ಬಣ್ಣದ ಪೊರೆ, ಬಿರುಕು ಎಲ್ಲ ನೆರಳಾಗಿ ಕಾಣುತ್ತವೆ. ಬಣ್ಣ ಸವೆಯುವುದು ಚೆಂಡು ಪದೇ ಪದೇ ಬೀಳುವ ಕಡೆ: ಗುಳಿಗಳ ಅಂಚು, ಫ್ಲಿಪ್ಪರ್‌ಗಳ ಮುಂದೆ, ಚೆಂಡು ಹೊರಡುವ ಓಣಿ. ಮರ ಕಾಣುವಷ್ಟು ಸವೆದಿದ್ದರೆ ಅದನ್ನು ಮನೆಯಲ್ಲಿ ಮೊದಲಿನಂತೆ ಮಾಡುವುದು ಚಿತ್ರಕಾರನ ಕೆಲಸ. ಫ್ಲಿಪ್ಪರ್‌ನಂಥ ಭಾಗಗಳನ್ನು ಅಲುಗಿಸುವ ತಂತಿಸುರುಳಿ, ಅಂದರೆ ಕಾಯಿಲ್, ಸುಟ್ಟರೆ ಅರ್ಧ ಗಂಟೆಯಲ್ಲಿ ಬದಲಾಗುತ್ತದೆ, ಹಲಗೆ ಬದಲಾಗುವುದಿಲ್ಲ. ಆದ್ದರಿಂದ ನನ್ನ ಮಟ್ಟಿಗೆ, ಕೆಟ್ಟು ನಿಂತ ಆದರೆ ಹಲಗೆ ಚೆನ್ನಾಗಿರುವ ಯಂತ್ರ, ಹಲಗೆ ಸವೆದು ಚೆನ್ನಾಗಿ ಓಡುವ ಯಂತ್ರಕ್ಕಿಂತ ಮೇಲು. ಇದನ್ನು ಒಪ್ಪದವರು ಬಹಳ ಜನ ಇದ್ದಾರೆ.

ಚೆಂಡು ಹತ್ತುವ ಪ್ಲಾಸ್ಟಿಕ್ಕಿನ ರ‍್ಯಾಂಪ್‌ಗಳ ಬಾಯಿ ಒಡೆದಿದೆಯೇ ಎಂದು ಬೆರಳಾಡಿಸಿ ನೋಡಿ. ರಬ್ಬರ್ ರಿಂಗ್, ಬಲ್ಬು, ಚೆಂಡುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಹೇಗೂ ಎಲ್ಲ ಬದಲಿಸುತ್ತೀರಿ. ಪೆಟ್ಟಿಗೆಯ ಎರಡೂ ಪಕ್ಕದ ಬಣ್ಣ ಹೋಲಿಸಿ. ಒಂದು ಕಡೆ ಮಾಸಿದ್ದರೆ ಅದು ಕಿಟಕಿ ಬದಿಯಲ್ಲಿ ನಿಂತಿತ್ತು.

ಇಷ್ಟಾದ ಮೇಲೆ ಆಡಿ. ಬೆಳಗ್ಗೆಯಲ್ಲ, ಮಧ್ಯಾಹ್ನದ ಮೇಲೆ. ಕಾಯಿಲ್ ಬಿಸಿಯಾದಂತೆ ಅದರ ತಡೆ ಹೆಚ್ಚಿ ಫ್ಲಿಪ್ಪರ್ ಸೊರಗುತ್ತದೆ. ಒಳಭಾಗ ಸವೆದಿದ್ದರೆ ಬೆಳಗ್ಗೆ ರ‍್ಯಾಂಪ್ ಹತ್ತಿದ ಚೆಂಡು ಸಂಜೆಗೆ ಅರ್ಧದಿಂದ ವಾಪಸು ಉರುಳುತ್ತದೆ. ಹಲವು ಚೆಂಡುಗಳು ಒಟ್ಟಿಗೆ ಓಡುವಾಗ ಎರಡೂ ಗುಂಡಿಗಳನ್ನು ಮತ್ತೆ ಮತ್ತೆ ಒಟ್ಟಿಗೆ ಒತ್ತಿ. ಆಟ ಅಲ್ಲೇ ನಿಂತು ಯಂತ್ರ ಹೊಸದಾಗಿ ಶುರುವಾದರೆ ಬೋರ್ಡಿನ ಚಿಪ್‌ಗಳಿಗೆ ಹೋಗುವ ಐದು ವೋಲ್ಟಿನ ವಿದ್ಯುತ್ತು ಕುಸಿಯುತ್ತಿದೆ. ಆ ವಿದ್ಯುತ್ತನ್ನು ಹದಗೊಳಿಸುವ ರೆಕ್ಟಿಫೈಯರ್, ಕೆಪಾಸಿಟರ್ ಅಥವಾ ಅದನ್ನು ಸಾಗಿಸುವ ಕನೆಕ್ಟರ್ ತಪ್ಪು. ನಾನು ಗುರುತಿಸಿದ್ದ ಒಂದು ಯಂತ್ರ ಇಲ್ಲಿಯೇ ಬಿತ್ತು.

ನಾಣ್ಯದ ಬಾಗಿಲಿನ ಒಳಗಿನ ಗುಂಡಿಗಳಿಂದ ಪರೀಕ್ಷಾ ಪಟ್ಟಿ ತೆರೆಯುತ್ತದೆ. ಮಾಲೀಕರಿಂದಲೇ ಸ್ವಿಚ್, ಕಾಯಿಲ್, ದೀಪ ಒಂದೊಂದಾಗಿ ಓಡಿಸಿ ತೋರಿಸಲು ಹೇಳಿ. ಹಲವು ಯಂತ್ರಗಳಲ್ಲಿ ಬಾಗಿಲು ತೆರೆದಾಗ ಕಾಯಿಲ್‌ಗಳ ವಿದ್ಯುತ್ತು ತಾನಾಗಿ ನಿಲ್ಲುತ್ತದೆ. ಅದನ್ನು ದೋಷ ಎಂದು ತಿಳಿಯಬೇಡಿ. ವಿಲಿಯಮ್ಸ್ ಕಂಪನಿಯ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಫಲಕದಲ್ಲಿ ಕ್ರೆಡಿಟ್ (ಬಾಕಿ ಇರುವ ಆಟಗಳ) ಸಂಖ್ಯೆಯ ಪಕ್ಕ ಒಂದು ಸಣ್ಣ ಚುಕ್ಕೆ ಕಂಡರೆ, ತನ್ನಲ್ಲಿ ಏನೋ ಸರಿಯಿಲ್ಲ ಎಂದು ಯಂತ್ರವೇ ಒಪ್ಪಿಕೊಂಡಿದೆ. ನಾನು ಕೊನೆಗೆ ಆರಿಸಿದ್ದರಲ್ಲೂ ಆ ಚುಕ್ಕೆ ಇತ್ತು. ಮಾಲೀಕರು, ಹಿರಿಯರು, ನಾನು ಕೇಳುವ ಮೊದಲೇ ಹೇಳಿದರು: "ಎಡಗಡೆ ಓಣಿಯ ಒಂದು ಸ್ವಿಚ್ ಸತ್ತಿದೆ. ಬಗ್ಗಿ ಹುಡುಕಲು ನನ್ನ ಬೆನ್ನು ಬಿಡಲಿಲ್ಲ. ನೀವು ಸರಿ ಮಾಡಿಕೊಳ್ಳಿ." ಯಂತ್ರಕ್ಕಿಂತ ಹೆಚ್ಚಾಗಿ ಆ ಮಾತನ್ನು ನಂಬಿ ಕೊಂಡೆ ಎನ್ನಬೇಕು.

ಚೌಕಾಸಿಗೆ ಒಂದು ದಾರಿ ಹೇಳುತ್ತೇನೆ. ಅದೇ ಸಭಾಂಗಣದಲ್ಲಿ ಬಿಡಿಭಾಗ ಮಾರುವ ಮೇಜುಗಳಿರುತ್ತವೆ. ಒಡೆದ ರ‍್ಯಾಂಪ್, ಸವೆದ ಫ್ಲಿಪ್ಪರ್‌ಗಳ ದುರಸ್ತಿ ಕಿಟ್, ಬೇಕಾದ ಕನೆಕ್ಟರ್‌ಗಳ ಬೆಲೆಯನ್ನು ಅಲ್ಲಿ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಮಾಲೀಕರ ಮುಂದಿಡಿ. "ಸ್ವಲ್ಪ ಕಡಿಮೆ ಮಾಡಿ" ಎನ್ನುವುದಕ್ಕಿಂತ ಆ ಚೀಟಿ ಬೇಗ ಕೆಲಸ ಮಾಡುತ್ತದೆ, ಯಾರಿಗೂ ಮುಜುಗರವಿಲ್ಲ. ಭಾನುವಾರ ಮಧ್ಯಾಹ್ನ ಬೆಲೆ ಇಳಿಯುತ್ತದೆ ಎಂಬ ಮಾತೂ ಉಂಟು. ಇಳಿಯುತ್ತದೆ, ಯಾರೂ ಕೊಳ್ಳದೆ ಉಳಿದವುಗಳದ್ದು.

ನನ್ನ ದೊಡ್ಡ ತಪ್ಪು ಆದದ್ದು ಹಣ ಕೊಟ್ಟ ಮೇಲೆ. ಶನಿವಾರ ಸಂಜೆ ವ್ಯವಹಾರ ಮುಗಿಯಿತು, ಆದರೆ ಪ್ರದರ್ಶನ ಮುಗಿಯುವವರೆಗೆ ಯಂತ್ರವನ್ನು ಕದಲಿಸುವಂತಿರಲಿಲ್ಲ. ಸರಿ, ಆಡುವವರು ಆಡಲಿ ಎಂದು ಉದಾರವಾಗಿ ಬಿಟ್ಟೆ. ಭಾನುವಾರ ಮಧ್ಯಾಹ್ನ ಬಂದು ನೋಡಿದರೆ ಬಲ ಫ್ಲಿಪ್ಪರ್ ಅಲುಗುತ್ತಿಲ್ಲ. ಯಾರ ಹೊಣೆ? ಹಿರಿಯರು ದೊಡ್ಡವರು, ತಮ್ಮ ಚೀಲದಿಂದ ಒಂದು ಹೊಸ ಕಾಯಿಲ್ ತೆಗೆದು ಕೈಗಿಟ್ಟರು. ಎಲ್ಲರೂ ಹಾಗಿರುವುದಿಲ್ಲ. ಹಣ ಕೊಡುವ ಮುನ್ನವೇ ಇದನ್ನು ಮಾತನಾಡಿಕೊಳ್ಳಿ, ಆಯೋಜಕರು ಒಪ್ಪಿದರೆ ಯಂತ್ರವನ್ನು ಆಫ್ ಮಾಡಿಸಿ ಚೀಟಿ ಅಂಟಿಸಿ. ಬೀಗದ ಕೈಗಳನ್ನೂ ಕೈಪಿಡಿಯನ್ನೂ ಆಗಲೇ ಜೇಬಿಗೆ ಹಾಕಿಕೊಳ್ಳಿ. ಬೇರೆ ದೇಶದಿಂದ ಬಂದ ಯಂತ್ರವಾದರೆ ಟ್ರಾನ್ಸ್‌ಫಾರ್ಮರ್ 115 ವೋಲ್ಟಿಗೆ ಜೋಡಿಸಿದೆಯೋ 230ಕ್ಕೋ ಎಂದು ಕೇಳದೆ ಪ್ಲಗ್ ಮುಟ್ಟಬೇಡಿ.

ಭಾನುವಾರ ಸಂಜೆ ಎಲ್ಲರೂ ಒಂದೇ ಗಂಟೆಯಲ್ಲಿ ಕಟ್ಟತೊಡಗುತ್ತಾರೆ. ತಳ್ಳುಗಾಡಿ ಕೇಳಿದರೆ ಸಿಗುವುದಿಲ್ಲ, ನಿಮ್ಮದನ್ನೇ ಒಯ್ಯಿರಿ. ಕಾಲುಗಳ ಬೋಲ್ಟಿಗೆ 5/8 ಮತ್ತು 9/16 ಇಂಚಿನ ಸಾಕೆಟ್, ದಪ್ಪ ಕಂಬಳಿಗಳು, ಬಿಗಿಯುವ ಪಟ್ಟಿಗಳು ಬೇಕು. ಮೊದಲು ಚೆಂಡುಗಳನ್ನೆಲ್ಲ ಹೊರತೆಗೆಯಿರಿ, ಎಣಿಸಿ. ಒಳಗೆ ಉಳಿದ ಒಂದು ಉಕ್ಕಿನ ಚೆಂಡು ದಾರಿಯುದ್ದಕ್ಕೂ ಹಲಗೆಯನ್ನು ಕುಟ್ಟುತ್ತದೆ. ಯಂತ್ರವನ್ನು ಅಲುಗಿಸಿದರೆ ಪತ್ತೆ ಹಚ್ಚುವ ಟಿಲ್ಟ್ ಲೋಲಕವನ್ನೂ ಬಿಚ್ಚಿ ಚೀಲಕ್ಕೆ ಹಾಕಿ. ತಲೆಪೆಟ್ಟಿಗೆಯನ್ನು ಕಂಬಳಿಯ ಮೇಲೆ ಮಡಚುವಾಗ ವೈರಿನ ಕಟ್ಟು ಸಿಕ್ಕಿಕೊಳ್ಳದಂತೆ ಒಬ್ಬರು ನೋಡುತ್ತಿರಬೇಕು. ಬಹಳ ಹಳೆಯವುಗಳಲ್ಲಿ ತಲೆ ಮಡಚುವುದಿಲ್ಲ, ಕನೆಕ್ಟರ್‌ಗಳನ್ನು ಬಿಚ್ಚಿ ಪೂರ್ತಿ ಇಳಿಸಬೇಕು. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ.

ಗಾಜಿನ ವಿಷಯವನ್ನು ಬರೆಯಲು ಇಂದಿಗೂ ಕೈ ಹಿಂಜರಿಯುತ್ತದೆ. ಚೆಂಡು ತೆಗೆಯಲು ಅದನ್ನು ಜಾರಿಸಿ ಹೊರತೆಗೆದು, ಭಾವಮೈದುನನಿಗೆ ಎಚ್ಚರಿಕೆ ಹೇಳುತ್ತಲೇ, ಸಿಮೆಂಟಿನ ನೆಲದ ಮೇಲೆ ನಾನೇ ಮೂಲೆ ಊರಿ ನಿಲ್ಲಿಸಿದೆ. ಹದ ಮಾಡಿದ ಗಾಜಿನ ಮುಖ ಏಟು ತಾಳುತ್ತದೆ, ಮೂಲೆ ತಾಳುವುದಿಲ್ಲ. ಒಂದು ಸದ್ದು, ಸುತ್ತ ಕಲ್ಲುಸಕ್ಕರೆಯಂಥ ಚೂರು. ಭಾವಮೈದುನ ಒಂದು ಮಾತೂ ಆಡದೆ ಪೊರಕೆ ಹುಡುಕಿ ತಂದ. ಬಹುತೇಕ ಯಂತ್ರಗಳ ಗಾಜು 21 ಇಂಚು ಅಗಲ, 43 ಇಂಚು ಉದ್ದ, ಹಾಗಾಗಿ ಹೊಸದು ಸಿಗುತ್ತದೆ. ಆದರೆ ಹದ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಅಳತೆ ಮೊದಲೇ ಕೊಡಬೇಕು. ತೆಗೆದ ಗಾಜನ್ನು ಕಂಬಳಿಯ ಮೇಲೆ ಇಡಿ, ಕೆಲಸ ಮುಗಿದ ತಕ್ಷಣ ವಾಪಸು ಜಾರಿಸಿ.

ಮನೆಯಲ್ಲಿ ಕಾಲು ಜೋಡಿಸಿ, ಹಲಗೆಯ ಇಳಿಜಾರು 6.5 ಡಿಗ್ರಿ ಬರುವಂತೆ ಕಾಲಿನ ತಿರುಪುಗಳನ್ನು ಹೊಂದಿಸಿದೆವು. ಪ್ರದರ್ಶನದಲ್ಲಿ ಅದು ಚಪ್ಪಟೆಯಾಗಿ ನಿಂತಿತ್ತೆಂದು ಆಗ ತಿಳಿಯಿತು. ಇಲ್ಲಿ ಚೆಂಡಿನ ವೇಗ ನೋಡಿ ಇಬ್ಬರೂ ಬೆಚ್ಚಿದೆವು. ಸ್ವಿಚ್ ಒತ್ತಿದ ಮೊದಲ ನಿಮಿಷದಲ್ಲೇ ಕೇಳಿದ್ದು ದಪ್ಪ ಗುಂಯ್ ಸದ್ದು. ಕೆಳಗಿನ ದೊಡ್ಡ ಸ್ಪೀಕರಿನ ಕಾಗದ ಹರಿದಿತ್ತು. ಎರಡು ದಿನ ಅದರ ಮುಂದೆ ನಿಂತಿದ್ದೆ, ಗದ್ದಲದಲ್ಲಿ ಕೇಳಿರಲಿಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಮುನ್ನ, ಹಾಲ್ ಸುಮ್ಮನಿರುವಾಗ, ಮಾಲೀಕರನ್ನು ಕೇಳಿ ಒಮ್ಮೆ ಯಂತ್ರ ಓಡಿಸಿಕೊಳ್ಳಿ.

ಬ್ಯಾಟರಿಗಳನ್ನು ಅದೇ ರಾತ್ರಿ ಬೋರ್ಡಿನಿಂದ ತೆಗೆದು, ವೈರು ಎಳೆದು, ಪೆಟ್ಟಿಗೆಯ ತಳದಲ್ಲಿ ಬೇರೆ ಹಿಡಿಕೆಗೆ ಹಾಕಿದೆ. ಸತ್ತ ಸ್ವಿಚ್ ಸಿಗಲು ಎರಡು ವಾರ ಹಿಡಿಯಿತು. ಹಲಗೆಯ ಕೆಳಗೆ ಒಂದು ವೈರು ಬೆಸುಗೆ ಬಿಟ್ಟು, ಹೊರಗೆ ಕಾಣದಂತೆ ತನ್ನ ಜಾಗದಲ್ಲೇ ಕೂತಿತ್ತು. ಬೆಸುಗೆ ಹಾಕಿದೆ, ಚುಕ್ಕೆ ಹೋಯಿತು. ಭಾವಮೈದುನನಿಗೆ ಫೋನ್ ಮಾಡಿ ಹೇಳಿದೆ. ಅವನು ಮರುದಿನ ನೋಡಲು ಬಂದಾಗ ಚುಕ್ಕೆ ಮತ್ತೆ ಅಲ್ಲೇ ಇತ್ತು, ಈ ಸಲ ಬಲಗಡೆಯ ಸ್ವಿಚ್.