ಆರ್ಕಿಟೆಕ್ಚರ್ ಮೊದಲ ವರ್ಷ: ಗೆರೆ, ಮೆಟ್ಟಿಲು, ಅಂಟು, ಗಡುವು

ಆರ್ಕಿಟೆಕ್ಚರ್ ಮೊದಲ ವರ್ಷದಲ್ಲಿ ಒದ್ದಾಡುವವರಿಗೆಲ್ಲ ಚಿತ್ರ ಬಿಡಿಸಲು ಬರುವುದಿಲ್ಲ ಅಂತೇನಿಲ್ಲ. ಕೈ ಚೆನ್ನಾಗಿರುವವರೂ ಸಬ್‌ಮಿಷನ್ ಹಿಂದಿನ ರಾತ್ರಿ ಅರ್ಧ ಮುಗಿದ ಶೀಟ್ ಮುಂದಿಟ್ಟುಕೊಂಡು ಕೂತಿರುತ್ತಾರೆ. ಕಾರಣ ಬಹುತೇಕ ಒಂದೇ: ಡಿಸೈನ್ ಬದಲಿಸುವುದನ್ನು ಅವರು ಎಲ್ಲಿಯೂ ನಿಲ್ಲಿಸಿರುವುದಿಲ್ಲ. ಸಾಧಾರಣ ಐಡಿಯಾವನ್ನು ಪೂರ್ತಿ ಬಿಡಿಸಿ ತಂದರೆ ಅದರ ಮೇಲೆ ಚರ್ಚೆ ಆಗುತ್ತದೆ. ಎಷ್ಟೇ ಒಳ್ಳೆಯ ಐಡಿಯಾ ಆದರೂ ಬಾಯಿಮಾತಲ್ಲೇ ಉಳಿದರೆ ಜ್ಯೂರಿಯವರಿಗೆ (ಕೆಲಸವನ್ನು ನೋಡಿ ಪ್ರಶ್ನೆ ಕೇಳಿ ಅಳೆಯುವವರಿಗೆ) ನೋಡಲು ಏನೂ ಇರುವುದಿಲ್ಲ.

ಹಾಗಾಗಿ ಪ್ರಾಜೆಕ್ಟ್ ಕೈಗೆ ಬಂದ ದಿನವೇ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಮೂರು ವಾರ ಸಿಕ್ಕಿದೆ ಅಂದುಕೊಳ್ಳೋಣ. 21ನೇ ದಿನ ಜ್ಯೂರಿ. 20ನೇ ದಿನವನ್ನು ಖಾಲಿ ಬಿಡಿ. ಪ್ರಿಂಟರ್ ಕೈಕೊಡುವುದು, ಬೋರ್ಡ್ ಸಾಲದೆ ಹೋಗುವುದು, ಮಾಡೆಲ್ ಕಿತ್ತುಬರುವುದು ಎಲ್ಲಕ್ಕೂ ಆ ದಿನ ಬೇಕು. 16ರಿಂದ 19 ಫೈನಲ್ ಶೀಟ್‌ಗಳಿಗೆ, 13ರಿಂದ 15 ಮಾಡೆಲ್‌ಗೆ. ಅಂದರೆ 12ನೇ ದಿನ ಸಂಜೆಗೆ ಪ್ಲ್ಯಾನ್ ಬದಲಿಸುವುದು ನಿಲ್ಲಲೇಬೇಕು. ಆಮೇಲೆ ಹೊಳೆದದ್ದನ್ನು ನೋಟ್‌ಬುಕ್ಕಿಗೆ ಬರೆದಿಡಿ, ಶೀಟಿಗೆ ತರಬೇಡಿ. ಹೊಸಬರಿಗೆ ಒಂದು ಎ1 ಶೀಟ್‌ನಲ್ಲಿ ಪ್ಲ್ಯಾನ್, ಸೆಕ್ಷನ್ (ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಕೊಯ್ದು ಬದಿಯಿಂದ ನೋಡಿದ್ದು), ಎರಡು ಎಲಿವೇಶನ್ (ಹೊರಮುಖದ ನೇರ ನೋಟ) ಕೈಯಲ್ಲಿ ನೀಟಾಗಿ ಬಿಡಿಸಲು ಎಂಟು–ಹತ್ತು ಗಂಟೆ ಸುಲಭವಾಗಿ ಹೋಗುತ್ತದೆ. ಲೆಟರಿಂಗ್ ಸೇರಿದರೆ ಇನ್ನೂ ಹೆಚ್ಚು.

ಡ್ರಾಫ್ಟಿಂಗ್ ಶುರು ಮಾಡುವ ಮೊದಲು ಸೆಟ್ ಸ್ಕ್ವೇರ್ ಸರಿ ಇದೆಯಾ ನೋಡಿ. ಟಿ-ಸ್ಕ್ವೇರ್ (ಟಿ ಆಕಾರದ ಉದ್ದ ಪಟ್ಟಿ) ಮೇಲಿಟ್ಟು ಒಂದು ಲಂಬ ಗೆರೆ ಎಳೆಯಿರಿ, ಸೆಟ್ ಸ್ಕ್ವೇರನ್ನು ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂರಬೇಕು. ಮೇಲೆ ಹೋಗುತ್ತಾ ಬೇರೆಯಾದರೆ, ಕಾಣುವ ಅಂತರ ನಿಜವಾದ ದೋಷದ ಎರಡರಷ್ಟು. ಟಿ-ಸ್ಕ್ವೇರ್ ತಲೆಯನ್ನು ಬೋರ್ಡಿನ ಒಂದೇ ಅಂಚಿಗೆ ಒತ್ತಿ ಬಳಸಿ. ಎಡ ಅಂಚಿನಿಂದ ಅಡ್ಡಗೆರೆ, ಕೆಳ ಅಂಚಿನಿಂದ ಉದ್ದಗೆರೆ ಅಂತ ಮಾಡಿದರೆ ಬೋರ್ಡಿನ ಮೂಲೆ ನಿಖರವಾಗಿ 90 ಡಿಗ್ರಿ ಇಲ್ಲದಾಗ ಇಡೀ ಡ್ರಾಯಿಂಗ್ ಓರೆಯಾಗುತ್ತದೆ.

2ಎಚ್ ಪೆನ್ಸಿಲ್‌ನಲ್ಲಿ ತೆಳುವಾಗಿ ಎಲ್ಲ ಗೆರೆ ಕೂರಿಸಿಕೊಂಡು, ಅಳತೆ ತಾಳೆ ನೋಡಿ, ಆಮೇಲೆ ಗಾಢ ಮಾಡಿ. ಮೇಲಿನಿಂದ ಕೆಳಕ್ಕೆ ಬನ್ನಿ; ಬಲಗೈಯವರು ಎಡದಿಂದ, ಎಡಗೈಯವರು ಬಲದಿಂದ. ಅಂಗೈ ಕೆಳಗೆ ಒಂದು ಖಾಲಿ ಹಾಳೆ ಇರಲಿ. ಇಂಕ್ ಆದರೆ ಸೆಟ್ ಸ್ಕ್ವೇರ್ ಹಿಂಬದಿಗೆ, ಅಂಚಿನಿಂದ ಸ್ವಲ್ಪ ಒಳಗೆ, ಎರಡು ಪದರ ಟೇಪ್ ಅಂಟಿಸಿ. ಅಂಚು ಕಾಗದದಿಂದ ಮೇಲೆದ್ದು ನಿಲ್ಲುತ್ತದೆ, ಇಂಕ್ ಅದರಡಿ ಹರಿಯುವುದಿಲ್ಲ. ಪೆನ್ ಮೂರು ಸಾಕು: ಕತ್ತರಿಸಿದ ಗೋಡೆ, ಸ್ಲ್ಯಾಬ್‌ಗೆ 0.5 ಮಿ.ಮೀ., ಆಚೆ ಕಾಣುವ ಅಂಚುಗಳಿಗೆ 0.3, ಟೈಲ್, ಡೈಮೆನ್ಷನ್, ಹ್ಯಾಚ್‌ಗೆ (ಒಳಗೆ ತುಂಬುವ ಸಾಲುಗೆರೆ) 0.1. ಎಲ್ಲವೂ ಒಂದೇ ದಪ್ಪ ಇದ್ದರೆ, ಗೋಡೆಗೆ ಹಚ್ಚಿದ ಶೀಟನ್ನು ನಾಲ್ಕು ಹೆಜ್ಜೆ ದೂರದಿಂದ ನೋಡುವವರಿಗೆ ಗೋಡೆ ಯಾವುದು, ಫರ್ನಿಚರ್ ಯಾವುದು ಗೊತ್ತಾಗದು.

ಪ್ಲ್ಯಾನ್ ಅಂದರೆ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಕಟ್ಟಡವನ್ನು ಅಡ್ಡಕ್ಕೆ ಕೊಯ್ದು ಮೇಲಿನಿಂದ ನೋಡಿದ್ದು. ಇದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಕಳೆಯಿತು. ಮಾಮೂಲಿ ಕಿಟಕಿ ಕೊಯ್ತಕ್ಕೆ ಸಿಗುತ್ತದೆ. ಅದಕ್ಕಿಂತ ಮೇಲಿರುವ ವೆಂಟಿಲೇಟರ್, ಲಾಫ್ಟ್, ಸಜ್ಜಾ ಸಿಗುವುದಿಲ್ಲ, ಹಾಗಾಗಿ ಅವು ತುಂಡುಗೆರೆಯಲ್ಲಿ ಬರಬೇಕು.

ಮೊದಲ ವರ್ಷದ ಪ್ಲ್ಯಾನ್‌ಗಳನ್ನು ಅತಿ ಹೆಚ್ಚು ಕೆಡಿಸುವುದು ಮೆಟ್ಟಿಲು. ರೂಮುಗಳನ್ನೆಲ್ಲ ಜೋಡಿಸಿ ಉಳಿದ ಮೂಲೆಯಲ್ಲಿ ಮೆಟ್ಟಿಲು ತುರುಕುತ್ತಾರೆ. ಲೆಕ್ಕ ನೋಡಿ: ಮಹಡಿಯಿಂದ ಮಹಡಿಗೆ 3 ಮೀಟರ್, ರೈಸರ್ (ಒಂದು ಮೆಟ್ಟಿಲಿನ ಎತ್ತರ) 150 ಮಿ.ಮೀ. ಅಂದರೆ 20 ರೈಸರ್. ಟ್ರೆಡ್ (ಕಾಲಿಡುವ ಮೇಲ್ಮೈ) 19 ಮಾತ್ರ, ಕೊನೆಯ ರೈಸರ್ ಹತ್ತಿದರೆ ಮೇಲಿನ ಮಹಡಿಯ ನೆಲವೇ ಸಿಗುತ್ತದೆ. 300 ಮಿ.ಮೀ. ಟ್ರೆಡ್ ಆದರೆ ನೇರ ಮೆಟ್ಟಿಲಿಗೆ 5.7 ಮೀಟರ್ ಉದ್ದ ಬೇಕು. ಡಾಗ್-ಲೆಗ್ (ನಡುವೆ ಹಿಂದಕ್ಕೆ ತಿರುಗುವ ಮೆಟ್ಟಿಲು) ಮಾಡಿದರೆ ಒಂದೊಂದು ಫ್ಲೈಟ್‌ಗೆ (ಮೆಟ್ಟಿಲುಗಳ ಒಂದು ಸಾಲಿಗೆ) 10 ರೈಸರ್, 9 ಟ್ರೆಡ್, 2.7 ಮೀಟರ್. ಅದಕ್ಕೆ 1.2 ಮೀಟರ್ ಲ್ಯಾಂಡಿಂಗ್ (ತಿರುಗುವ ಕಡೆಯ ಸಮತಟ್ಟು), ಹತ್ತುವ ಕಡೆ ನಿಲ್ಲಲು ಇನ್ನೊಂದು 1.2, ಒಟ್ಟು 5.1 ಮೀಟರ್. ಅಗಲ 1.2ರ ಎರಡು ಫ್ಲೈಟ್ ಸೇರಿ ಕನಿಷ್ಠ 2.4. ಇಷ್ಟು ಜಾಗವನ್ನು ಮೊದಲ ಸ್ಕೆಚ್‌ನಲ್ಲೇ ಆಯತವಾಗಿ ಬರೆದು ಹಿಡಿದಿಡಿ. ರೈಸರ್‌ನ ಎರಡರಷ್ಟಕ್ಕೆ ಟ್ರೆಡ್ ಕೂಡಿಸಿದರೆ 600ರಿಂದ 630 ಮಿ.ಮೀ. ಒಳಗೆ ಬಂದರೆ ಹತ್ತಲು ಹಿತ. ತಲೆ ಮೇಲೆ 2.1 ಮೀಟರ್ ಇದೆಯಾ ಅನ್ನುವುದನ್ನು ಪ್ಲ್ಯಾನ್ ಹೇಳುವುದಿಲ್ಲ, ಸೆಕ್ಷನ್ ಹೇಳುತ್ತದೆ. ಆದ್ದರಿಂದ ಎರಡನ್ನೂ ಬಟರ್ ಪೇಪರ್ (ಅರೆಪಾರದರ್ಶಕ ತೆಳು ಕಾಗದ) ಮೇಲೆ ಒಟ್ಟೊಟ್ಟಿಗೆ ಬೆಳೆಸಿ, ಸೆಕ್ಷನ್ ಲೈನನ್ನು ಎತ್ತರ ಬದಲಾಗುವ ಜಾಗದಲ್ಲೇ ಹಾಯಿಸಿ. ಟಾಯ್ಲೆಟ್ ಮಧ್ಯೆ ಹಾಯುವ ಸೆಕ್ಷನ್‌ನಿಂದ ಕಟ್ಟಡದ ಬಗ್ಗೆ ಏನೂ ತಿಳಿಯದು.

ಜೇಬಲ್ಲಿ ಸದಾ ಒಂದು ಅಳತೆ ಟೇಪ್ ಇರಲಿ. ಕೂತ ಕುರ್ಚಿ ಸುಮಾರು 450, ಮೇಜು 750, ಬಾಗಿಲು 2100 ಮಿ.ಮೀ. ಎತ್ತರ. ಅಳೆದು ಬರೆದುಕೊಂಡದ್ದು ಮರೆಯುವುದಿಲ್ಲ.

ಇನ್ನು ಮಾಡೆಲ್. ಬೋರ್ಡ್ ಕೊಳ್ಳುವ ಮೊದಲು ಸ್ಕೇಲ್ ಲೆಕ್ಕ ಹಾಕಿ. 5 ಮಿ.ಮೀ. ಫೋಮ್ ಬೋರ್ಡ್ 1:50ರಲ್ಲಿ (ನಿಜ ಅಳತೆಯ 50ರಲ್ಲಿ ಒಂದು ಪಾಲು) 250 ಮಿ.ಮೀ. ಗೋಡೆ, ಸರಿಹೋಯಿತು. ಅದೇ ಬೋರ್ಡ್ 1:100ರಲ್ಲಿ 500 ಮಿ.ಮೀ., ಕೋಟೆ ಗೋಡೆಯ ಹಾಗೆ ಕಾಣುತ್ತದೆ. ಅಲ್ಲಿ 2 ಮಿ.ಮೀ. ಮೌಂಟ್ ಬೋರ್ಡ್ (ದಪ್ಪ ರಟ್ಟು) ಬೇಕು. ಮೂಲೆಯಲ್ಲಿ ದಪ್ಪ ಕಳೆಯುವುದನ್ನು ಮರೆಯಬೇಡಿ. ಹೊರ ಅಳತೆ 100 ಮಿ.ಮೀ. ಚೌಕದ ಪೆಟ್ಟಿಗೆಗೆ 3 ಮಿ.ಮೀ. ಬೋರ್ಡ್ ಆದರೆ ಎರಡು ಗೋಡೆ 100, ಇನ್ನೆರಡು 94. ಛಾವಣಿ ಗೋಡೆಗಳ ಮೇಲೆ ಕೂರುವುದಾದರೆ ಗೋಡೆಯ ಎತ್ತರದಲ್ಲೂ 3 ಕಳೆಯಿರಿ.

ಕತ್ತರಿಸುವಾಗ ಸ್ಟೀಲ್ ಸ್ಕೇಲ್ ಮಾತ್ರ. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡ್ ಕೆತ್ತಿಬಿಡುತ್ತದೆ. ಮೊದಲ ಸಲ ಬರೀ ಗೀರು, ಆಮೇಲೆ ಅದೇ ಗೀರಿನಲ್ಲಿ ಮೂರು–ನಾಲ್ಕು ಸಲ. ಒಂದೇ ಸಲಕ್ಕೆ ಒತ್ತಿ ಕೊಯ್ದರೆ ಬ್ಲೇಡ್ ವಾಲಿ ಅಂಚು ಓರೆಯಾಗುತ್ತದೆ, ಬೆರಳಿಗೂ ಅಪಾಯ. ಫೋಮ್ ಪುಡಿಪುಡಿಯಾಗಿ ಕಿತ್ತುಬಂದರೆ ಬ್ಲೇಡ್ ಮೊಂಡಾಗಿದೆ, ತುದಿ ಮುರಿದು ಹೊಸ ಅಂಚು ಹೊರಗೆ ತನ್ನಿ. ಕಿಟಕಿಗಳನ್ನು, ಗೋಡೆಯನ್ನು ಬೋರ್ಡಿನಿಂದ ಕತ್ತರಿಸಿ ತೆಗೆಯುವ ಮೊದಲೇ, ಮೂಲೆಯಿಂದ ನಡುವಿಗೆ ಕೊಯ್ಯಿರಿ. ಆಗ ಮೂಲೆ ದಾಟಿದ ಗೀರುಗಳು ಉಳಿಯವು. ನಿದ್ದೆ ತೂಗುತ್ತಿರುವಾಗ ಕಟರ್ ಮುಟ್ಟಲೇಬೇಡಿ. ಬೇಕಾದರೆ ಆ ಹೊತ್ತಿನಲ್ಲಿ ಟೈಟಲ್ ಬ್ಲಾಕ್ (ಶೀಟಿನ ಹೆಸರು-ವಿವರದ ಚೌಕ) ಬರೆಯಿರಿ.

ಅಂಟಿನ ವಿಷಯದಲ್ಲಿ ಅವಸರ ಬೇಡ. ಬಿಳಿ ಅಂಟಿನಲ್ಲಿ ನೀರಿದೆ, ಬೋರ್ಡಿನ ಒಂದೇ ಮೈಗೆ ಪೂರ್ತಿ ಬಳಿದರೆ ಒಣಗುವಾಗ ಅದು ಬಾಗುತ್ತದೆ. ಅಂಚಿಗೆ ತೆಳುವಾಗಿ ಹಚ್ಚಿ, ಟೇಪಿನಿಂದ ಬಿಗಿದು ಬಿಡಿ. ಸೂಪರ್ ಗ್ಲೂ ಪಾಲಿಸ್ಟೈರೀನ್ ಫೋಮನ್ನು ತಿಂದು ಗುಳಿ ಮಾಡುತ್ತದೆ, ಅಕ್ರಿಲಿಕ್ ಮೇಲೆ ಬಿಳಿ ಮಸುಕು ಬಿಡುತ್ತದೆ. ಛಾವಣಿಯನ್ನು ಅಂಟಿಸದೆ ಎತ್ತಿ ಒಳಗೆ ನೋಡುವ ಹಾಗೆ ಇಡಿ.

ಕ್ಯಾಡ್‌ನಲ್ಲಿ (ಕಂಪ್ಯೂಟರ್ ಡ್ರಾಯಿಂಗ್ ಸಾಫ್ಟ್‌ವೇರ್) ಬಿಡಿಸಿದವರು ಪಿಡಿಎಫ್ ಪ್ರಿಂಟ್ ಮಾಡುವಾಗ ‘ಫಿಟ್ ಟು ಪೇಜ್’ ತೆಗೆದು ‘ಆಕ್ಚುವಲ್ ಸೈಜ್’ ಇಡಿ, ಇಲ್ಲದಿದ್ದರೆ ಸ್ಕೇಲ್ ಕೆಡುತ್ತದೆ. ಶೀಟಿನ ಮೇಲೆ ಸ್ಕೇಲ್ ಬಾರ್ (ನಿಜ ಅಳತೆ ಗುರುತಿಸಿದ ಪಟ್ಟಿ) ಇದ್ದರೆ ಪ್ರಿಂಟ್ ಚಿಕ್ಕದಾದರೂ ಅಳತೆ ಉಳಿಯುತ್ತದೆ. ಲೈನ್ ವೇಟ್ (ಗೆರೆಯ ದಪ್ಪ) ಪರದೆಯಲ್ಲಿ ನಿಜ ಗೊತ್ತಾಗದು, ಒಂದು ತುಣುಕನ್ನು ಎ3ನಲ್ಲಿ ತೆಗೆದು ನೋಡಿ.

ಜ್ಯೂರಿಯಲ್ಲಿ ‘ಇದು ಲಿವಿಂಗ್, ಇದು ಕಿಚನ್’ ಅಂತ ಓದಬೇಡಿ, ಅದು ಅವರಿಗೆ ಕಾಣುತ್ತಿದೆ. ಯಾವ ಕಡೆಯಿಂದ ಒಳಬರುತ್ತೇವೆ, ಬೆಳಕು ಎಲ್ಲಿಂದ, ಯಾವ ಒಂದು ನಿರ್ಧಾರ ಉಳಿದದ್ದನ್ನೆಲ್ಲ ತೀರ್ಮಾನಿಸಿತು ಅನ್ನುವುದನ್ನು ಸೆಕ್ಷನ್ ತೋರಿಸಿ ಎರಡು ನಿಮಿಷದಲ್ಲಿ ಹೇಳಿ. ಅವರ ಮಾತನ್ನು ಗೆಳೆಯರೊಬ್ಬರು ಬರೆದುಕೊಳ್ಳಲಿ. ನಿಂತು ಉತ್ತರ ಕೊಡುವವರ ನೆನಪಿನಲ್ಲಿ ಅರ್ಧವೂ ಉಳಿಯುವುದಿಲ್ಲ. ಮಾಡೆಲ್ ಫೋಟೋಗಳನ್ನು ಜ್ಯೂರಿಗೆ ಮುಂಚೆಯೇ, ಒಂದು ಬದಿಯ ಬೆಳಕಿನಲ್ಲಿ, ಮಾಡೆಲ್‌ನೊಳಗಿನ ಮನುಷ್ಯನ ಕಣ್ಣಿನ ಎತ್ತರದಿಂದ ತೆಗೆದಿಡಿ. ಆಮೇಲೆ ಹತ್ತು ಕೈ ಮುಟ್ಟಿ ಅಂಚು ಕಿತ್ತಿರುತ್ತದೆ, ಪೋರ್ಟ್‌ಫೋಲಿಯೋಗೆ ಆ ಸ್ಥಿತಿಯ ಫೋಟೋ ಹಾಕಲಾಗದು. ಶೀಟ್‌ಗಳನ್ನೂ ಸುರುಳಿ ಸುತ್ತುವ ಮೊದಲೇ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ.